ಕೈ ಕಟ್ಟಿ ನುಡಿಸಿದ ವರ್ಣ

ಬಸವೇಶ್ವರನಗರ
ಭಾನುವಾರ, ೯ ಫೆಬ್ರವರಿ ೨೦೨೫

ಪ್ರೀತಿಯ ಚೇತನಾ,

ನಿನ್ನ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಥ್ಯಾಂಕ್ಸ್ ಹೇಳಲು ಬಾಯಿ ತೆರೆದರೆ ಸಾಕು, "ಆಯ್ತು ನಡಿಯೇ, ಹೊರಗೆ ಇನ್ನೂ ಜನ ಕೂತಿದಾರೆ" ಎಂದು ಎಬ್ಬಿಸಿ ಕಳಿಸಿಬಿಡುತ್ತೀಯ. ವಾಟ್ಸಾಪಿನಲ್ಲಿ ಬರೆದರೆ ಕೈಮುಗಿದ ಒಂದು ಚಿತ್ರ ಬರುತ್ತದೆ, ಅಷ್ಟೇ. ಆದ್ದರಿಂದ ಕಾಗದ. ಇಲ್ಲಿಂದ ರಾಜರಾಜೇಶ್ವರಿನಗರಕ್ಕೆ ಅಂಚೆ ಎಷ್ಟು ದಿನಕ್ಕೆ ತಲುಪುತ್ತದೋ ಗೊತ್ತಿಲ್ಲ. ತಡವಾದರೆ ಆಗಲಿ. ಈ ವಿಷಯದಲ್ಲಿ ಅವಸರ ಕೂಡದೆಂದು ಕಲಿಸಿದವಳು ನೀನೇ.

ಮೊದಲು ಮಂಚದ ಸುದ್ದಿ. ಅದನ್ನು ನಿನಗೆ ಹೇಳಿರಲಿಲ್ಲ.

ಮೊದಲ ಸಲ ನಿನ್ನ ಬಳಿ ಬಂದಾಗ, ಗರ್ಭಕೋಶ ತೆಗೆಸಿ ವರ್ಷವಾಯಿತು, ನಕ್ಕರೆ ಕೆಮ್ಮಿದರೆ ಒದ್ದೆಯಾಗುತ್ತದೆ ಎಂದಷ್ಟೇ ಹೇಳಿದ್ದೆ. ಮಧ್ವೇಶ್ ಹತ್ತಿರ ಬಂದರೆ ಒಳಗೆಲ್ಲ ಬಿಗಿದು ನೋಯುತ್ತದೆ ಎಂಬುದನ್ನು ನೀನಾಗಿ ಕೇಳಿದ ಮೇಲೆ ಒಪ್ಪಿಕೊಂಡೆ. ಮಂಚದ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಅದೇ ವಾರ ಮಧ್ವೇಶ್ ಮಾರೇನಹಳ್ಳಿಯ ಬಡಗಿ ಸಿದ್ದಬಸಪ್ಪನವರಿಗೆ ಒಂಟಿ ಮಂಚಕ್ಕೆ ಅಳತೆ ಕೊಟ್ಟು ಬಂದಿದ್ದರು. "ನನ್ನ ಗೊರಕೆಯಿಂದ ನಿನ್ನ ನಿದ್ದೆ ಹಾಳು, ಮಾಲು. ಪುಸ್ತಕದ ರೂಮಲ್ಲಿ ಮಲಗ್ತೀನಿ" ಎಂದರು. ಮದುವೆಯಾದಾಗಿನಿಂದ ಆ ಗೊರಕೆಯ ಪಕ್ಕದಲ್ಲೇ ಚೆನ್ನಾಗಿ ನಿದ್ದೆ ಮಾಡಿದವಳು ನಾನು. ನಾನು ಮಗ್ಗುಲು ಬದಲಿಸಿದ ಎಷ್ಟೋ ರಾತ್ರಿಗಳಿಗೆ ಅವರು ಜಗಳವಾಡಲಿಲ್ಲ, ಕಾರಣ ಕೇಳಲಿಲ್ಲ. ನನಗೆ ಅವಮಾನವಾಗದಂತೆ ತಮ್ಮದೇ ಮೂಗಿನ ಮೇಲೆ ತಪ್ಪು ಹೊರಿಸಿಕೊಂಡರು. ಆ ಒಳ್ಳೆಯತನವೇ ನನಗೆ ಭಯ ಹುಟ್ಟಿಸಿತು. ಆ ಮಂಚ ಬಂದರೆ ನಾವಿಬ್ಬರೂ ಇನ್ನುಳಿದ ಕಾಲ ಒಂದೇ ವಠಾರದ ಮರ್ಯಾದಸ್ಥ ಬಾಡಿಗೆದಾರರಂತೆ ಇದ್ದುಬಿಡುತ್ತೇವೆ ಅನ್ನಿಸಿತು.

ಮಂಚಕ್ಕೆ ಮೂರು ತಿಂಗಳು ಬೇಕು ಎಂದಿದ್ದರಂತೆ ಬಡಗಿ. ಅದು ಬರುವುದರೊಳಗೆ ನಾನು ಸರಿಹೋಗಬೇಕೆಂದು ಹಟ ಹಿಡಿದೆ. ಯಾವುದೋ ವಿಡಿಯೋ ನೋಡಿ, ಕೆಂಗೇರಿಯ ಕಾಲೇಜಿಗೆ ಹೋಗುವಾಗ ಮೆಟ್ರೋದಲ್ಲಿ, ಪಾಠ ಮಾಡುವಾಗ ಹಲಗೆಯ ಮುಂದೆ, ಅನ್ನಕ್ಕಿಟ್ಟು ಕಾಯುವಾಗ, ಉಸಿರು ಕಟ್ಟಿ ಕೆಳಗಿನ ಸ್ನಾಯುಗಳನ್ನು ಹಿಂಡುತ್ತಿದ್ದೆ. ಹಿಂಡಿದಷ್ಟೂ ನೋವು ಹೆಚ್ಚಾಯಿತು. ನೀನು ಪರೀಕ್ಷೆ ಮಾಡಿ ಬೈದದ್ದು ಈಗಲೂ ಕಿವಿಯಲ್ಲಿದೆ: "ಇದು ಸಡಿಲ ಆಗಿರೋ ಸ್ನಾಯು ಅಲ್ಲ ಕಣೇ. ಇಪ್ಪತ್ನಾಲ್ಕು ಗಂಟೆ ಮುಷ್ಟಿ ಕಟ್ಕೊಂಡು ಕೂತಿದೆ. ಸುಸ್ತಾಗಿರೋ ಮುಷ್ಟಿ ಕೆಮ್ಮು ಬಂದಾಗ ಇನ್ನೆಲ್ಲಿಂದ ಬಿಗಿಯುತ್ತೆ? ಹಿಂಡೋದು ನಿಲ್ಲಿಸು. ಸದ್ಯಕ್ಕೆ ಎಲ್ಲಾ ಮನಸ್ಸಲ್ಲೇ ಮಾಡು."

ನನಗೆ ಸಿಟ್ಟು ಬಂತು. ನೋವಿಗೆ ಔಷಧಿ ಕೇಳಿದರೆ ಮಾನಸಪೂಜೆ ಮಾಡು ಅಂದಂತಿತ್ತು. ಸ್ನಾಯು ಮೇಲೇಳುವುದನ್ನು, ಇಳಿಯುವುದನ್ನು ಕದಲದೆ ಕಲ್ಪಿಸಿಕೊ, ಲಿಫ್ಟು ಒಂದೊಂದೇ ಮಹಡಿ ಹತ್ತಿ ಇಳಿದ ಹಾಗೆ, ಎಂದೆ ನೀನು. ಒಂದೇ ಅಂತಸ್ತಿನ ಮನೆಯಲ್ಲಿ ಬೆಳೆದವಳ ಮನಸ್ಸಿನಲ್ಲಿ ಯಾವ ಲಿಫ್ಟು ಹತ್ತಬೇಕು? ನನ್ನ ಮುಖ ನೋಡಿ ನೀನು ನಕ್ಕೆ. "ಅನಂತಲಕ್ಷ್ಮಿ ಟೀಚರ್ ಮನೆ ಜಗಲಿ ಮರೆತೋಯ್ತಾ?" ಎಂದೆ.

ಮರೆಯುವುದೆಲ್ಲಿ ಬಂತು. ರಾಜಾಜಿನಗರದ ಆ ಮನೆಯಲ್ಲಿ ನಾವಿಬ್ಬರೂ ವೀಣೆ ಕಲಿಯುತ್ತಿದ್ದಾಗ ತಿಂಗಳಿಗೆ ಮೂರು ದಿನ ವೀಣೆ ಮುಟ್ಟುವಂತಿರಲಿಲ್ಲ. ಆದರೆ ಪಾಠ ತಪ್ಪಿಸುವಂತೆಯೂ ಇರಲಿಲ್ಲ. ಒಳಗೆ ಬೇರೆ ಹುಡುಗಿಯರು ನುಡಿಸುತ್ತಿದ್ದರೆ ನಾವು ಜಗಲಿಯ ಮೂಲೆಯಲ್ಲಿ ಕೈ ಕಟ್ಟಿ ಕೂರಬೇಕು. "ವರ್ಣ ಮನಸ್ಸಲ್ಲಿ ನುಡಿಸ್ರಮ್ಮ. ಬೆರಳು ಅಲ್ಲಾಡಿದ್ರೆ ನನಗೆ ಗೊತ್ತಾಗುತ್ತೆ!" ಎಂದು ಒಳಗಿನಿಂದಲೇ ಕೂಗುತ್ತಿದ್ದರು. ನಾಲ್ಕನೆಯ ದಿನ ವೀಣೆ ಹಿಡಿದರೆ, ಎಡವುತ್ತಿದ್ದ ಜಾಗ ತಾನಾಗಿ ಸಲೀಸಾಗಿರುತ್ತಿತ್ತು. ನಮ್ಮನ್ನು ಹೊರಗೆ ಕೂರಿಸಿದ ಪದ್ಧತಿಗೆ ನಾನು ಇಂದಿಗೂ ಕೃತಜ್ಞಳಲ್ಲ. ಅಲ್ಲಿ ಕೂತು ಕಲಿತದ್ದಕ್ಕೆ ಮಾತ್ರ ಟೀಚರಿಗೆ ಋಣಿ.

ಮರುದಿನ ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೂತು, ಕೈ ಕಟ್ಟಿ, ಕಣ್ಣು ಮುಚ್ಚಿದೆ. ಒಳಗೆ ವೀಣೆಯ ಒಂದು ತಂತಿಯನ್ನು ಊಹಿಸಿಕೊಂಡೆ. ಅದನ್ನು ವೀಣೆಯ ಮೆಟ್ಟಿಲ ಮೇಲೆ ಮೆಲ್ಲಗೆ ಎಳೆದೆ, ಬಿಟ್ಟೆ. ಎಳೆಯುವುದು ಚೆನ್ನಾಗಿ ಬಂತು. ಬಿಡುವುದು ಬರಲೇ ಇಲ್ಲ! ಕಲ್ಪನೆಯಲ್ಲಿಯೂ ನನ್ನ ತಂತಿ ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು. ತಂತಿ ಎಳೆದು ಗಮಕ ಹಿಡಿಯುವಾಗ ನಾನು ಮಾಡುತ್ತಿದ್ದ ಹಳೆಯ ತಪ್ಪೇ ಅದು. "ಎಳೆಯೋದು ಯಾರಿಗಾದ್ರೂ ಬರುತ್ತೆ ಮಾಲವಿಕಾ, ತಂತೀನ ಅದರ ಜಾಗಕ್ಕೆ ಕರ್ಕೊಂಡು ಬಾ" ಎಂದು ಟೀಚರ್ ಎಷ್ಟು ಸಲ ಹೇಳಿರಲಿಲ್ಲ? ಕಾಲು ಸೇರಿಸಿ ಕೂತ್ಕೋ, ಹೊಟ್ಟೆ ಒಳಗೆಳ್ಕೋ, ಜೋರಾಗಿ ನಗಬೇಡ ಎಂದು ಕೇಳುತ್ತ ಬೆಳೆದ ದೇಹಕ್ಕೆ ಬಿಗಿಯುವುದೊಂದೇ ಗೊತ್ತು. ಇನ್ನು ಬಿಡು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಗಾಗಿ ವಾರಗಟ್ಟಲೆ ಬಿಡುವುದನ್ನೇ ಅಭ್ಯಾಸ ಮಾಡಿದೆ. ಉಸಿರು ಒಳಬರುವಾಗ ತಂತಿ ತನ್ನ ಜಾಗಕ್ಕೆ ಮರಳುವುದನ್ನು ನೋಡುತ್ತ ಕೂತಿರುತ್ತಿದ್ದೆ. ಎದುರಿನವರಿಗೆ ನಾನು ತೂಕಡಿಸುವ ಮೇಡಂ. ನಿಜವಾಗಿ ಮಾಡು ಎಂದು ನೀನು ಒಪ್ಪಿಗೆ ಕೊಟ್ಟ ದಿನ, ಸ್ನಾಯುವಿಗೆ ದಾರಿ ಆಗಲೇ ಗೊತ್ತಿತ್ತು. ನಾನು ಕರೆದಾಗ ಬಂತು, ಕಳಿಸಿದಾಗ ಹೋಯಿತು. ಅಂದು ನಿನ್ನ ಕ್ಲಿನಿಕ್ಕಿನ ಬಚ್ಚಲಲ್ಲಿ ನಿಂತು ಸ್ವಲ್ಪ ಅತ್ತೆ. ಹೊರಗೆ ಬಂದು ಸೋಪು ಕಣ್ಣಿಗೆ ಹೋಯಿತು ಅಂದೆ.

ನಿನ್ನೆ ಎರಡನೇ ಶನಿವಾರ. ಮಧ್ವೇಶರಿಗೆ ಬ್ಯಾಂಕ್ ರಜೆ. ಮಧ್ಯಾಹ್ನ ಅತ್ತೆ ಮಠದ ಪ್ರವಚನಕ್ಕೆ ಹೋದರು. ಇತ್ತೀಚೆಗೆ ಹೋದರೂ ಅರ್ಧಕ್ಕೇ ಎದ್ದು ಬರುತ್ತಾರೆ, ಆಚಾರ್ಯರ ದನಿ ಕೆಟ್ಟಿದೆಯಂತೆ. ಇರುವ ಅಷ್ಟು ಹೊತ್ತಿನಲ್ಲಿ ನಾನು ಮಧ್ವೇಶರ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ನೋವು, ಒದ್ದೆ, ನಿನ್ನ ಬೈಗಳು, ತಂತಿ. ನಾನು ದೂರ ಮಾಡಿದ್ದು ನೋವನ್ನು, ನಿಮ್ಮನ್ನಲ್ಲ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. "ಒಂದು ಮಾತು ಹೇಳಬಾರದಿತ್ತಾ? ನಾನು ಸುಮ್ಮನೆ ನನ್ನ ಮೂಗಿನ ಮರ್ಯಾದೆ ಕಳೆದೆ" ಎಂದರು.

ಆಮೇಲಿನದನ್ನು ನಿನಗೆ ಎಷ್ಟು ಬರೆಯಲಿ? ಹೆದರಿಕೆಯಿಂದ ದೇಹ ಒಮ್ಮೆ ಬಿಗಿಯಿತು. ಅವರು ತಡೆದು ಕಾದರು. ನಾನು ಕಣ್ಣು ಮುಚ್ಚಿ ತಂತಿಯನ್ನು ಅದರ ಜಾಗಕ್ಕೆ ಕರೆತಂದೆ. ನೋಯಲಿಲ್ಲ ಚೇತನಾ. ನೋಯಲಿಲ್ಲ ಅನ್ನುವುದು ಸಣ್ಣ ಮಾತು. ಬಿಗಿಯುವುದೂ ಬಿಡುವುದೂ ನನ್ನ ಕೈಯಲ್ಲೇ ಇದ್ದವು. ಬಿಟ್ಟಾಗಲೆಲ್ಲ ಸುಖ ಇನ್ನೂ ಒಳಗಿನಿಂದ ಬಂತು. ಎಲ್ಲ ಮುಗಿದ ಮೇಲೂ, ತಂತಿ ಸುಮ್ಮನಾದರೂ ವೀಣೆಯ ಸೋರೆಬುರುಡೆಯಲ್ಲಿ ನಾದ ನಿಂತಿರುತ್ತದಲ್ಲ, ಹಾಗೆ ಉಳಿದಿತ್ತು. ಮದುವೆಯಾದ ಹೊಸತರಲ್ಲೂ ನಾನು ಕಾಣದ ಸುಖ ಅದು. ಅದನ್ನು ಈ ವಯಸ್ಸಿನಲ್ಲಿ, ಗರ್ಭಕೋಶ ಕಳೆದುಕೊಂಡ ಮೇಲೆ ಕಂಡೆ. ಯಾರಿಗೆ ಹೇಳಿದರೆ ನಂಬುತ್ತಾರೆ?

ಮಧ್ವೇಶ್ ಇದ್ದಕ್ಕಿದ್ದಂತೆ ಎದ್ದು ಕೂತರು. "ಅಯ್ಯೋ ಮಾಲು, ಸಿದ್ದಬಸಪ್ಪಂಗೆ ಏನು ಹೇಳೋದೀಗ? ಒಬ್ಬನಿಗೇ ಅಳತೆ ಕೊಟ್ಟಿದೀನಿ!"

ನಾನು ನಕ್ಕೆ. ಸೆರಗು ಬಾಯಿಗೆ ಹಿಡಿಯದೆ, ಕಾಲು ಸೇರಿಸದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನೀರು ಬಂದದ್ದು ಕಣ್ಣಲ್ಲಿ ಮಾತ್ರ.

ಇವತ್ತು ಬೆಳಿಗ್ಗೆ ಟೆಂಪೋದಲ್ಲಿ ಮಂಚ ಬಂತು. ಸಿದ್ದಬಸಪ್ಪನವರೇ ನಿಂತು ಜೋಡಿಸಿ, "ಗಟ್ಟಿ ಕೆಲಸ ಸಾರ್, ಆರಾಮಾಗಿ ಮಲಗಿ" ಎಂದು ಹೋದರು. ಇಷ್ಟು ದಿನ ಬೀರುವಿನ ಹಿಂದೆ ಗೋಡೆಗೆ ಒರಗಿದ್ದ ನನ್ನ ವೀಣೆಯನ್ನು ಒರೆಸಿ, ಅದರ ಮೇಲೆ ಮಲಗಿಸಿದ್ದೇನೆ. ಅಳತೆ ಸರಿಯಾಗಿದೆ.

ನನಗೆ ನನ್ನ ನಗುವನ್ನು, ನನ್ನ ಮನೆಯವರನ್ನು, ಅದಕ್ಕೂ ಮೊದಲು ನನ್ನನ್ನು ಹಿಂದಿರುಗಿಸಿದವಳು ನೀನು. ಈ ಕಾಗದ ಓದುವಾಗ ಮಾತ್ರ ದಯವಿಟ್ಟು "ಆಯ್ತು ನಡಿಯೇ" ಅನ್ನಬೇಡ.

ಜಗಲಿಯಲ್ಲಿ ನಿನ್ನ ಪಕ್ಕ ಕೂರುತ್ತಿದ್ದ
ಮಾಲವಿಕಾ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆ ರೂಮಿಗೆ ಬಂದು ಬಾಗಿಲು ಹಾಕಿಕೊಂಡರು. "ದಿನಾ ಕಣ್ಣು ಮುಚ್ಕೊಂಡು ಕೂತ್ಕೋತೀಯಲ್ಲ, ಅದು ಜಪ ಅಲ್ಲ ಅಂತ ನನಗೆ ಗೊತ್ತು ಕಣಮ್ಮ. ಮೊದಲು ನೀನು ಕೆಮ್ಮು ಬಂದ್ರೆ ಗೋಡೆ ಹಿಡ್ಕೊಂಡು ನಿಂತ್ಕೋತಿದ್ದೆ, ಈಗ ಇಲ್ಲ. ನನಗೂ ಹೇಳ್ಕೊಡ್ತೀಯಾ?" ಎಂದು ನೆಲ ನೋಡುತ್ತ ಕೇಳಿದರು. ಮುಂದಿನ ಸಲ ನಿನ್ನಲ್ಲಿಗೆ ನಾವಿಬ್ಬರೂ ಬರುತ್ತೇವೆ. ಪ್ರವಚನದಿಂದ ಅರ್ಧಕ್ಕೇ ಎದ್ದು ಬರುತ್ತಿದ್ದದ್ದು ಇದಕ್ಕೇ, ಆಚಾರ್ಯರ ದನಿಗೆ ಏನೂ ಆಗಿಲ್ಲವಂತೆ.