ಯಾರ ಕೈಹೊಲಿಗೆ

ಅಕ್ಕಾ,

ನಮ್ಮ ಆನ್‌ಲೈನ್ ಅಂಗಡಿಯ ಹೊದಿಕೆಗಳನ್ನೆಲ್ಲ ಅಮ್ಮನೇ ಹೊಲಿಯುತ್ತಾಳಾ ಎಂದು ಕೇಳಿದ್ದೆಯಲ್ಲ. ಇಲ್ಲ. ಅವಳ ಕೈ ನಡುಗಲು ಶುರುವಾಗಿ ಆರು ತಿಂಗಳಾಯಿತು. ನಿನಗೆ ತಿಳಿಸಬೇಡ ಅಂದಿದ್ದಳು. ಹೊಲಿಯುವುದು ನಾನೇ.

#ಹತ್ತಿಹೊದಿಕೆ ಎಂದು ಹಾಕಿದಾಗ ಯಾರೂ ತಿರುಗಿ ನೋಡಿರಲಿಲ್ಲ. #ಅಮ್ಮನಕೈಹೊಲಿಗೆ ಎಂದ ಮೇಲೆ ಆರ್ಡರ್‌ಗಳು ಬಿಡುವಿಲ್ಲದೆ ಬಂದವು. ಹಾಗಾಗಿ ಅಮ್ಮ ಹೊಲಿಯುವುದು ನಿಂತ ಮೇಲೂ ಅದನ್ನು ತೆಗೆಯಲಿಲ್ಲ.

ಮೊನ್ನೆ ಗಿರಾಕಿಯೊಬ್ಬರು ಅಮ್ಮ ಹೊಲಿಯುವ ವಿಡಿಯೋ ಕೇಳಿದರು. ನಾನು ನೆಪ ಹುಡುಕುತ್ತಿದ್ದೆ. ಅಮ್ಮ ಹಿಂದಿನಿಂದ ಇಣುಕಿ ಓದಿ, "ನನ್ನ ಹೆಸರಲ್ಲಿ ಸುಳ್ಳು ಬೇಡ ಕಣೇ. ನಡುಗೋ ಕೈನೇ ತೋರಿಸು. ಪಕ್ಕದಲ್ಲಿ ನಿನ್ನ ಕೈನೂ ಇರಲಿ" ಅಂದಳು.

ಹಾಗೇ ಮಾಡಿ, #ಮಗಳಕೈಹೊಲಿಗೆ ಎಂದು ಬದಲಿಸಿದೆ. ಅರ್ಧಕ್ಕರ್ಧ ಗಿರಾಕಿಗಳು ಹೋದರು.

ಕಣ್ಣು ದೊಡ್ಡದಿರುವ ಸೂಜಿ ಸಿಕ್ಕರೆ ಕಳಿಸು. ದಾರ ಪೋಣಿಸುವುದು ಮಾತ್ರ ತನ್ನದೇ ಕೆಲಸ ಎಂದು ಅಮ್ಮ ಹಟ ಹಿಡಿದಿದ್ದಾಳೆ.

ನಿನ್ನ ತಂಗಿ