ಬಾಣಂತಿ ಕೋಣೆಗೆ ತಣ್ಣೀರು

ರಾವಂದೂರು
೧೨ ಆಗಸ್ಟ್ ೨೦೨೫, ಮಂಗಳವಾರ

ಪ್ರೀತಿಯ ಶರತ್ ಅವರಿಗೆ,

ನಿಮ್ಮ ರೂಪಾ ಮಾಡುವ ನಮಸ್ಕಾರಗಳು. ಗಂಟಲು ನೋವು ವಾಸಿಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ, ಇಲ್ಲ ಕ್ಯಾಂಟೀನಿನ ಒಣ ಚಪಾತಿಯಲ್ಲೇ ದಿನ ದೂಡುತ್ತಿದ್ದೀರಾ? ನಾನು ಚೆನ್ನಾಗಿದ್ದೇನೆ. ಪುಟ್ಟಿಗೆ ನಾಳೆಗೆ ಎಪ್ಪತ್ತು ದಿನ. ದನಿ ಬಂದ ಕಡೆ ತಿರುಗುತ್ತಾಳೆ, ಸುಮ್ಮಸುಮ್ಮನೆ ನಗುತ್ತಾಳೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನಬೇಡಿ. ನಾನು ಮುಖ್ಯ ಮಾತಿಗೆ ಬರುವಷ್ಟರಲ್ಲಿ ನಿಮಗೆ ಮೀಟಿಂಗ್ ಬಂದುಬಿಡುತ್ತದೆ. ಕಾಗದಕ್ಕೆ ಆ ಕಾಟವಿಲ್ಲ.

ನನಗಂತೂ ಸಾಕಾಗಿ ಹೋಗಿದೆ. ಎಪ್ಪತ್ತು ದಿನದ ಮಗಳನ್ನು ಅಪ್ಪ ಇನ್ನೂ ಒಮ್ಮೆಯೂ ಎತ್ತಿಕೊಂಡಿಲ್ಲ ಎಂದರೆ ಯಾರಿಗೆ ಏನಂತ ಉತ್ತರ ಹೇಳಲಿ? ಅತ್ತೆಯವರು ಹೊಸ ಅಗ್ರಹಾರದಿಂದ ಬಂದು ಎಂಟು ದಿನವಾಯಿತು. ನೀವು ಮಗುವಿಗೆಂದು ಕಳಿಸಿದ ಶಾಲನ್ನು ಅರಿಶಿನದ ನೀರಿನಲ್ಲಿ ಮೂರು ಸಲ ಅದ್ದಿ, ಹೊಗೆಸೊಪ್ಪು ಒಣಗಿಸಿ ಹದಮಾಡುವ ಬ್ಯಾರನ್ ಮನೆಯ ಪಕ್ಕದ ತಂತಿಯ ಮೇಲೆ ಮೂರು ದಿನ ಒಣಗಿಸಿದರು. ಯಾಕೆ ಅಂದರೆ, "ನನ್ ಮಗ ಮಾಡೋ ಕೆಲ್ಸ ನಂಗೊತ್ತಿಲ್ವಾ? ಸೌದೆ ಇಲ್ದೆ ಉರಿಯೋ ಬೆಂಕಿ ಕಣವ್ವ ಅದು, ಮೈಗೆ ಅಂಟಾಕಿಲ್ವಾ?" ಎಂದು ನನ್ನನ್ನೇ ಕೇಳುತ್ತಾರೆ. ಟೀವಿಯಲ್ಲಿ ಯಾರೋ ವಿಕಿರಣ ಅಂದದ್ದನ್ನು ಕೇಳಿ, ನೀವು ಬಂದರೂ ಹೊಸ್ತಿಲ ಆಚೆಯೇ ನಿಲ್ಲಬೇಕು ಎಂದು ಅಮ್ಮನ ಹತ್ತಿರವೂ ಒಪ್ಪಿಸಿಟ್ಟಿದ್ದಾರೆ. ಬೀಗಿತ್ತಿಯರಿಬ್ಬರೂ ನಮ್ಮ ಮದುವೆಯಾದಾಗಿನಿಂದ ಒಮ್ಮತಕ್ಕೆ ಬಂದದ್ದು ಇದೊಂದೇ ವಿಷಯದಲ್ಲಿ.

ಎಷ್ಟು ಸಲ ಬಿಡಿಸಿ ಹೇಳಿದೆ. ವಿಕಿರಣ ಸೂಸುವ ಆ ವಸ್ತು ತಾನಾಗಿಯೇ ವರ್ಷಗಟ್ಟಲೆ ಬಿಸಿಯಾಗಿರುತ್ತದೆ, ಅದನ್ನು ಲೋಹದ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿರುತ್ತಾರೆ, ದಪ್ಪ ಗಾಜಿನ ಆಚೆ ಯಂತ್ರದ ಕೈಗಳೇ ಮುಟ್ಟುತ್ತವೆ, ನೀವು ಮಾಡುವುದು ಅದರ ಸುತ್ತ ಕೂರುವ ಬಿಲ್ಲೆಗಳನ್ನು, ಆ ಬಿಲ್ಲೆಗಳು ಬಿಸಿಯನ್ನು ಕರೆಂಟು ಮಾಡುತ್ತವೆ, ಬಾಹ್ಯಾಕಾಶದಲ್ಲಿ ಬಿಸಿಲೇ ಬೀಳದ ಕಡೆಗೆ ಹೋಗುವ ಯಂತ್ರಗಳಿಗೆ ಅದೇ ಗತಿ ಎಂದೆ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಹೂಂ ಅನ್ನುತ್ತಿತ್ತು.

ಕೊನೆಗೆ, ನೀವು ಮದುವೆಯ ಹೊಸದರಲ್ಲಿ ತಂದುಕೊಟ್ಟ ಪುಟ್ಟ ಫ್ಯಾನು ನೆನಪಾಯಿತು. ಎರಡು ಅಲ್ಯೂಮಿನಿಯಂ ಕಾಲು, ನಡುವೆ ಒಂದು ಬಿಲ್ಲೆ. ಒಂದು ಕಾಲು ಬಿಸಿನೀರಿಗೆ, ಒಂದು ತಣ್ಣೀರಿಗೆ ಇಳಿಸಿದರೆ ರೆಕ್ಕೆ ತಿರುಗಬೇಕು. ನಾನು ಮಂಚ ಬಿಟ್ಟು ಏಳಕೂಡದಲ್ಲ, ಅಮ್ಮನಿಗೆ ಎರಡು ಲೋಟ ತರಲು ಹೇಳಿದೆ. ಕೆಳಗೆ ಕೆಂಡದ ಬಾಣಲೆ, ಕೋಣೆಯ ತುಂಬ ಸಾಂಬ್ರಾಣಿ ಹೊಗೆ, ಅತ್ತೆಯವರು ಕಣ್ಣು ಕಿರಿದು ಮಾಡಿ ನೋಡುತ್ತಾ ಕೂತರು. ರೆಕ್ಕೆ ಅಲ್ಲಾಡಲೇ ಇಲ್ಲ. ಹತ್ತು ನಿಮಿಷ ಕಾದೆ, ಬೆವರಿದೆ. "ಅಷ್ಟು ಓದಿರೋಳು ಏಳಿದ್ದು ನಿಜ್ವೇನೋ ಅನ್ಕಂಡಿದ್ದೆ, ಬುಡು," ಎಂದು ಅವರು ಎದ್ದರು. ನನಗೆ ಅಳುವೇ ಬಂತು. ಆಮೇಲೆ ಲೋಟ ಮುಟ್ಟಿ ನೋಡುತ್ತೇನೆ, ಎರಡೂ ಸುಡುತ್ತಿವೆ. ಕೇಳಿದರೆ ಅಮ್ಮ, "ಬಾಣಂತಿ ಕ್ವಾಣೆಗೆ ತಣ್ಣೀರು ತತ್ತಾರೇನೇ? ಸೀತ ಆದ್ರೆ ಯಾರು ನೋಡೋರು? ಅದ್ಕೇ ಎರಡ್ಕೂ ಅಂಡೆ ನೀರೇ ಉಯ್ದೆ" ಅಂದರು. ಎರಡೂ ಕಡೆ ಒಂದೇ ಬಿಸಿಯಿದ್ದರೆ ಬಿಲ್ಲೆ ಏನು ಮಾಡೀತು ಹೇಳಿ.

ಲೋಟಗಳನ್ನು ಜಗುಲಿಗೆ ಸಾಗಿಸಿ, ಮಂಚದಿಂದಲೇ ಬಾಗಿಲ ಸಂದಿಯಲ್ಲಿ ನೋಡುತ್ತಾ ನಾನು ಹೇಳಿಕೊಟ್ಟೆ. ಅತ್ತೆಯವರೇ ಒಂದು ಲೋಟ ಚೆಲ್ಲಿ ಅದಕ್ಕೆ ಬೋರಿನ ತಣ್ಣೀರು ಸುರಿದರು. ರೆಕ್ಕೆ ಮೊದಲು ನಿಧಾನಕ್ಕೆ, ಆಮೇಲೆ ಜೋರಾಗಿ ತಿರುಗಿತು. ಅವರು ಬಹಳ ಹೊತ್ತು ಬೆರಳನ್ನು ಬಿಲ್ಲೆಗೆ ಹಚ್ಚಿ ನೋಡಿದರು. "ಇವ್ನು ಮುಟ್ಟೋದು ಇದ್ನೇಯಾ? ಮೊದ್ಲೇ ಏಳ್ಬಾರ್ದಾ ಮತ್ತೆ," ಎಂದರು. ಎಂಟು ದಿನದಿಂದ ಇದನ್ನೇ ಹೇಳುತ್ತಿದ್ದವಳು ನಾನು, ಬೈಗುಳವೂ ನನಗೇ. ಸಂಜೆ ಶಾಲನ್ನು ತಂತಿಯಿಂದ ತೆಗೆದು ತಾವೇ ಪುಟ್ಟಿಗೆ ಹೊದಿಸಿದರು.

ಅಪ್ಪ ಬ್ಯಾರನ್ನಿನ ಉರಿ ನೋಡಿಕೊಳ್ಳುತ್ತಾ ಅಲ್ಲೇ ಇದ್ದಾರೆ, ನಿಮ್ಮನ್ನು ಕೇಳಿದರೆಂದು ಬರೆಯಲು ಹೇಳಿದರು. ಅಮ್ಮನ, ಅತ್ತೆಯವರ ಆಶೀರ್ವಾದಗಳು. ಸ್ವೆಟರ್ ಹಾಕಿಕೊಳ್ಳಿ.

ಇಂತಿ ನಿಮ್ಮವಳೇ,
ರೂಪಶ್ರೀ

ತಾ.ಕ.: ಅಂಚೆಗೆ ಹಾಕುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ನಿಮಗೆ ರಜೆ ಸಿಗುತ್ತಿಲ್ಲ ಎಂದೇ ನಂಬಿದ್ದೆ. ನಿನ್ನೆ ನಿಮ್ಮ ಸೆಕ್ಷನ್ನಿನ ಸುಧಾ ಮಗುವನ್ನು ವಿಚಾರಿಸಲು ಫೋನ್ ಮಾಡಿದ್ದರು. ನೀವು ಇದುವರೆಗೂ ಒಂದು ದಿನಕ್ಕೂ ರಜೆ ಕೇಳಿಲ್ಲವಂತೆ. ವಿಕಿರಣ ಅಳೆಯುವ ಎದೆಯ ಬ್ಯಾಡ್ಜಿನ ಲೆಕ್ಕ ಪ್ರತಿ ತಿಂಗಳೂ ಸರಿಯಾಗಿಯೇ ಬಂದಿದ್ದರೂ ಅದನ್ನು ಮತ್ತೆ ಮತ್ತೆ ಪರೀಕ್ಷೆಗೆ ಕಳಿಸುತ್ತೀರಂತೆ, ಡ್ಯೂಟಿ ಮುಗಿದ ಮೇಲೆ ಗಂಟೆಗಟ್ಟಲೆ ಕೈ ತೊಳೆಯುತ್ತೀರಂತೆ. ನಾನು ಇಷ್ಟು ದಿನ ಅತ್ತೆಯವರ ಮೇಲೆ ಸಿಟ್ಟು ಮಾಡಿದೆ, ಹೆದರಿದವರು ನೀವೇ. ಹೇಳಿದ್ದರೆ ಬೈಯುತ್ತಿರಲಿಲ್ಲ. ನಾಳೆ ಬಿಟ್ಟು ಮುಂದಿನ ಬುಧವಾರ ನಾನೂ ಪುಟ್ಟಿಯೂ ಮೈಸೂರಿನಿಂದ ನಿಮ್ಮಲ್ಲಿಗೆ ರೈಲು ಹತ್ತುತ್ತೇವೆ. ಅತ್ತೆಯವರೂ ಬರುತ್ತೇನೆಂದರು, ನಾನೇ ಬೇಡವೆಂದೆ. ಸ್ಟೇಷನ್ನಿಗೆ ಬನ್ನಿ. ನನ್ನ ಎರಡು ಕೈಯಲ್ಲೂ ಬ್ಯಾಗುಗಳಿರುತ್ತವೆ, ಇಳಿಯುವಾಗ ಪುಟ್ಟಿಯನ್ನು ನೀವೇ ಎತ್ತಿಕೊಳ್ಳಬೇಕು.