ಯಾರೂ ಕೇಳದ ಮರಿಗಳು

ಗುರುವಾರ, ಸಂಜೆ

ಪ್ರೀತಿಯ ಭಾವಮೈದುನನಿಗೆ,

ನಿನ್ನೆ ಫೋನಿನಲ್ಲಿ ಹೇಳಿದೆನಲ್ಲ, ಮೊಟ್ಟೆಗೆ ಸರ್ಕಾರದ ಆದೇಶ ಓದಲು ಬರುವುದಿಲ್ಲ ಎಂದು. ನೀನು ನಗಲಿಲ್ಲ. ಹೊರದೇಶದಿಂದ ಹಡಗಿನಲ್ಲಿ ಬರುವ ಕೋಳಿಕಾಲಿನ ಮೇಲೆ ಸುಂಕ ಏರಿಸಿದ್ದಾರೆ ಎಂದು ತಿಳಿದ ದಿನವೇ ನಾವು ಹ್ಯಾಚರಿಯವರೆಲ್ಲ ಕಾವಿನ ಯಂತ್ರದ ತುಂಬ ಮೊಟ್ಟೆ ಇಟ್ಟೆವು. ಮರಿಯಾಗಲು ಮೂರು ವಾರ ಬೇಕು. ಅಷ್ಟರೊಳಗೆ ಆ ದೇಶದವರು ದೇಶ ದೇಶಗಳ ವ್ಯಾಪಾರ ನೋಡುವ ಸಂಸ್ಥೆಗೆ ದೂರು ಕೊಟ್ಟರು, ನಮ್ಮವರು ಸುಂಕ ಇಳಿಸಿದರು. ಯಂತ್ರ ಆರಿಸೋಣವೆಂದರೆ ಒಳಗೆ ಆಗಲೇ ಚಿಂವ್‌ಗುಟ್ಟುತ್ತಿತ್ತು.

ಅಲ್ಲಿ ಎದೆಯ ಮಾಂಸಕ್ಕೆ ಮಾತ್ರ ಬೆಲೆಯಂತೆ, ಕಾಲು ಮಿಕ್ಕಿದ್ದು, ಸಿಕ್ಕ ಬೆಲೆಗೆ ಇಲ್ಲಿಗೆ ಬರುತ್ತದೆ. ಕೋಳಿಮೇವಿನ ಬೆಳೆಗೆ ಅವರ ಸರ್ಕಾರವೇ ದುಡ್ಡು ಸುರಿಯುತ್ತದೆ. ನಮ್ಮ ಸಂಘದ ಕಾರ್ಯದರ್ಶಿ ರಾಜಧಾನಿಗೆ ಹೋಗಿ ಬಂದ. ಅವ್ರು ಕೊಟ್ರೆ ಅದಕ್ಕೆ ನೆರವು ಅಂತ ಹೆಸ್ರು ಯಜಮಾನ್ರೇ, ನಾವು ತಡೆದ್ರೆ ತಪ್ಪು ಅಂತ, ನಿಯಮಕ್ಕೆ ಸಹಿ ಹಾಕಿರೋರೂ ನಾವೇ ಅಂದ.

ಕಾಲೇಜಿನಲ್ಲಿ ಅರ್ಥಶಾಸ್ತ್ರದವರು, ಯಾವ ದೇಶ ಏನು ಮಾಡಿದರೆ ಲಾಭ ಎಂಬುದಕ್ಕೆ ಕಂಪ್ಯಾರಿಟಿವ್ ಅಡ್ವಾಂಟೇಜ್ ಎಂದು ಬಾಯಿಪಾಠ ಮಾಡಿಸಿದ್ದರು. ಈಚ್ ಕಂಟ್ರಿ ಶುಡ್ ಪ್ರೊಡ್ಯೂಸ್... ಮುಂದಿನದು ಮರೆತಿದೆ. ನಮ್ಮ ಪಾಲು ಆ ಮುಂದಿನದರಲ್ಲೇ ಇತ್ತೋ ಏನೋ. ನಿನ್ನಕ್ಕ ಇದ್ದಿದ್ದರೆ, ಮರೆತಿದ್ದೇ ಒಳ್ಳೇದಾಯ್ತು ಬಿಡಿ, ನೆನಪಿದ್ದಿದ್ರೆ ಇನ್ನೂ ಎರಡು ತಟ್ಟೆ ಮೊಟ್ಟೆ ಇಡ್ತಿದ್ರಿ ಅನ್ನುತ್ತಿದ್ದಳು.

ನೀನು ಮರಿ ಬೇಡವೆಂದದ್ದಕ್ಕೆ ಬೇಸರವಿಲ್ಲ. ಭಾವ, ಸಾಕಿದಷ್ಟೂ ನಷ್ಟಾನೇ ದಪ್ಪ ಆಗುತ್ತೆ, ಮೇವಿನ ಅಂಗಡಿಯವನು ನನ್ನ ಕಂಡ್ರೆ ಶಟರ್ ಎಳೀತಾನೆ ಅಂತ ನೀನೇ ಅಂದೆ. ನಿಜವೇ. ಇಲ್ಲಿಯೂ ಪುಕ್ಕಟೆ ಎಂದರೂ ಎಲ್ಲರೂ ಕೈ ಮುಗಿದರು. ಹಾಗಾಗಿ ಬೆಳಿಗ್ಗೆ ಯಂತ್ರ ನೋಡಿಕೊಳ್ಳುವವನೂ ನಾನೂ ನೀರಿನ ಡ್ರಮ್ಮನ್ನು ಹಿತ್ತಿಲಿಗೆ ಉರುಳಿಸಿ ತುಂಬಿಸಿದೆವು, ಒಂದೊಂದೇ ತಟ್ಟೆ ಮರಿ ಅದರಲ್ಲಿ ಮುಳುಗಿತು. ಮರಿಗಳು ಕೈಗೆ ಎಷ್ಟು ಬೆಚ್ಚಗಿರುತ್ತವೆ, ನಿನಗೆ ಗೊತ್ತು. ಆಮೇಲೆ ಅವನು ಊಟ ಮಾಡಲಿಲ್ಲ. ನಾನು ಮಾಡಿದೆ. ಎಲ್ಲ ಮುಗಿಯಿತು, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಸುಂಕಕ್ಕೆ ಇಂತಿಷ್ಟೇ ಎಂದು ಮಿತಿ ಹಾಕಿದವರು ಮೇವಿನ ದುಡ್ಡಿಗೇಕೆ ಹಾಕಲಿಲ್ಲ ಎಂಬುದನ್ನೂ ಬರೆಯಬೇಕೆಂದಿದ್ದೆ. ಆದರೆ ಕಿಟಕಿಯ ಬೆಳಕು ಹೋಗುತ್ತಿದೆ. ಬರೆದ ಸಾಲು ನನಗೇ ಕಾಣುತ್ತಿಲ್ಲ.

ನಿನ್ನ
ಭಾವ

ತಾ.ಕ.: ಎಲ್ಲ ಮುಗಿಯಿತು ಎಂದದ್ದು ಸುಳ್ಳು. ಕೊನೆಯ ತಟ್ಟೆಗೆ ಕೈ ಏಳಲಿಲ್ಲ. ಈ ಕಾಗದ ತಂದ ವ್ಯಾನಿನ ಹಿಂದೆ ಆ ಮರಿಗಳ ಎರಡು ಪೆಟ್ಟಿಗೆ ಇವೆ. ಯಾವ ಕಾರಣಕ್ಕೂ ವಾಪಸ್ ತರಬೇಡವೆಂದು ಡ್ರೈವರಿಗೆ ಹೇಳಿದ್ದೇನೆ. ಶೆಡ್ಡಿನಲ್ಲಿ ಬಲ್ಬು ಉರಿಸು. ನಿನ್ನಿಂದ ಆಗದಿದ್ದರೆ, ಏನು ಮಾಡಿದೆ ಎಂದು ನನಗೆ ಬರೆಯಬೇಡ.